ಏಳರಿಂದ ಹತ್ತರ ಪಟ್ಟಿ

ಫೆಬ್ರವರಿ ೪

ಅಕ್ಕಾ,

ಮಂಡಳಿಯ ಮೂರನೇ ಮಹಡಿಯಲ್ಲಿ ಕೂತು, ಮಧ್ಯಾಹ್ನದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇಂಟರ್ನೆಟ್ ಒದಗಿಸುವವರಿಗಾಗಿ ನಾವು ಮಾಡಿದ ಹೊಸ ನಿಯಮದ ಕರಡು ಸೋಮವಾರ ಹೊರಬಿತ್ತು. ಜನರ ಅಭಿಪ್ರಾಯಕ್ಕೆ ಐದು ವಾರ ಕೊಟ್ಟಿದ್ದೇವೆ. ಮಾರ್ಚ್ ೧೯, ಗುರುವಾರ, ಬಹಿರಂಗ ವಿಚಾರಣೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಅಕ್ಕ ಇಂಟರ್ನೆಟ್ ಮಾರುತ್ತಾಳೆ, ತಮ್ಮ ಅದಕ್ಕೆ ಕಾನೂನು ಬರೆಯುತ್ತಾನೆ, ಇಬ್ಬರೂ ಅಂಚೆಪೆಟ್ಟಿಗೆಯನ್ನೇ ನಂಬಿದ್ದಾರೆ ಎಂದು ಪಕ್ಕದ ಮೇಜಿನವಳು ನಗುತ್ತಾಳೆ. ನಗಲಿ.

ಕರಡಿನ ತಿರುಳು ಇಷ್ಟು. ಮನೆಗೆ ಇಂಟರ್ನೆಟ್ ತಲುಪಿಸುವವನು ತನ್ನ ತಂತಿಯೊಳಗೆ ಏನು ಹೋಗುತ್ತಿದೆ ಎಂದು ನೋಡಿ ಭೇದ ಮಾಡಬಾರದು. ಒಂದನ್ನು ಮುಂದೆ ಬಿಡಬಾರದು, ಇನ್ನೊಂದನ್ನು ತಡೆದು ನಿಧಾನ ಮಾಡಬಾರದು. ದೊಡ್ಡ ಕಂಪನಿ ಇದಕ್ಕೆ ಒಪ್ಪುತ್ತಿಲ್ಲ. ಅವರಿಗೆ ವೇಗದ ದಾರಿಯೊಂದನ್ನು ಬೇರೆ ಮಾಡಿ ಬೇಕಾದವರಿಗೆ ಮಾರಬೇಕಾಗಿದೆ. ಭೇದ ಮಾಡದೆ ಜಾಲ ನಡೆಸಲು ಆಗುವುದೇ ಇಲ್ಲ, ಸಣ್ಣ ಊರುಗಳಲ್ಲಂತೂ ಆಗದ ಮಾತು ಎಂದು ಕರಡು ಹೊರಬಿದ್ದ ಮರುದಿನವೇ ಎಂಬತ್ತು ಪುಟ ಬರೆದು ಕಳಿಸಿದ್ದಾರೆ.

ನಿನ್ನೆ ಸಭೆಯಲ್ಲಿ ನಮ್ಮ ನಿರ್ದೇಶಕಿ ಕೇಳಿದರು: "ಸಣ್ಣವ್ರು ಯಾರಾದ್ರೂ ಬಂದು, 'ಆಗುತ್ತೆ, ನಾವು ನಡೆಸ್ತಾ ಇದೀವಿ' ಅಂತ ಎದೆ ತಟ್ಟಿ ಹೇಳೋರು ಸಿಗ್ತಾರೇನ್ರೀ?"

"ನಮ್ಮಕ್ಕ ಇದ್ದಾಳೆ ಮೇಡಂ. ಆರುನೂರ ನಲವತ್ತು ಮನೆ. ಎಲ್ರಿಗೂ ಒಂದೇ" ಎಂದೆ.

"ಸ್ವಂತ ಅಕ್ಕಾನಾ?"

"ಹೌದು."

"ಹಾಗಾದ್ರೆ ಅವರು ಮಾತಾಡೋವಾಗ ನೀವು ಆಚೆ ಕಾರಿಡಾರ್‌ನಲ್ಲಿ ಕೂತಿರಿ."

ಕಾರಿಡಾರ್‌ನಲ್ಲಿ ಕೂರಲು ನಾನು ತಯಾರು. ನೀನು ಬಾ. ಹತ್ತು ನಿಮಿಷ ಮಾತಾಡಿದರೆ ಸಾಕು.

ನಿನ್ನ ತಮ್ಮ


ಫೆಬ್ರವರಿ ೧೨

ತಮ್ಮಾ,

ನಿನ್ನ ಪತ್ರ ಸೋಮವಾರವೇ ಬಂತು. ಗಾಳಿಗೆ ಕಾಲುವೆ ದಂಡೆಯ ಎರಡು ಕಂಬ ವಾಲಿ ಎಪ್ಪತ್ತು ಮನೆಗೆ ಲೈನ್ ಹೋಗಿತ್ತು. ಏಣಿ ಎರಡು ದಿನ ಕಂಬದ ಮೇಲೇ ಇದ್ದ. ಏಣಿ ಎಂದರೆ ನನ್ನ ಲೈನ್‌ಮನ್. ಐವತ್ತು ದಾಟಿದೆ, ಆರೂಕಾಲು ಅಡಿ ಎತ್ತರ. ಅವನಿಗೆ ಬೇರೆ ಏಣಿ ಯಾಕೆ ಎಂದು ಊರಿನವರೇ ಇಟ್ಟ ಹೆಸರು. ಕೆಳಗೆ ನಿಂತ ಒಬ್ಬಾಕೆ, "ಇವತ್ತಾದ್ರೂ ಬರುತ್ತೇನಪ್ಪಾ ನಮ್ಮನೆಗೆ?" ಎಂದು ಕೂಗಿದಳಂತೆ. "ಬರುತ್ತೆ ಕಣಮ್ಮಾ, ನಾನು ಇಳಿದ್ಮೇಲೆ. ನಾವಿಬ್ರೂ ಒಟ್ಟಿಗೆ ಬರಕ್ಕಾಗಲ್ಲ" ಎಂದನಂತೆ.

ಕರಡು ಓದಿದೆ. ಚೆನ್ನಾಗಿ ಬರೆದಿದ್ದೀರಿ. ಒಂದು ವಾಕ್ಯವನ್ನು ಎರಡು ಸಲ ಓದುವ ಹಾಗೆ ಮಾಡಿಲ್ಲ, ಸರಕಾರಿ ಕಾಗದಕ್ಕೆ ಅದು ದೊಡ್ಡದು. ಒಂಬತ್ತನೇ ಕಲಮು ಯಾರು ಬರೆದದ್ದು?

ನಿನ್ನ ಭಾವ ಕೇಳಿದ್ದಾರೆಂದು ಹೇಳು ಎಂದರು. ಸಂಜೆ ಪಂದ್ಯ ನೋಡಲು ಕೂತರೆ ಪರದೆಯ ಮೇಲೆ ಚಕ್ರ ತಿರುಗುತ್ತದೆ. "ಇಡೀ ಊರಿಗೆ ಬಡಿಸೋಳ ಮನೇಲೇ ನಂಗೆ ಉಪವಾಸ" ಎಂದು ದಿನಾ ಒಂದು ಸಲ ಅನ್ನದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

ವಿಚಾರಣೆಗೆ ಬರುವುದು ಕಷ್ಟ. ಮುಂದಿನ ತಿಂಗಳು ಮುಖ್ಯ ಲೈನಿನ ಕೆಲಸವಿದೆ. ಬೇರೆ ಯಾರಾದರೂ ಸಿಗುತ್ತಾರೆ, ನೋಡು.

ಅಕ್ಕ


ಫೆಬ್ರವರಿ ೧೯

ಅಕ್ಕಾ,

ನಿನಗೆ ವೇದಿಕೆಯ ಹೆದರಿಕೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕಂಬ, ಗಾಳಿ, ಮುಖ್ಯ ಲೈನು ಎಂದೆಲ್ಲ ಬರೆದಿದ್ದೀಯ. ಅಷ್ಟು ಸುತ್ತು ಹಾಕುವ ಅಗತ್ಯವಿಲ್ಲ. ಅಲ್ಲಿ ವೇದಿಕೆಯೇ ಇಲ್ಲ. ಉದ್ದನೆಯ ಮೇಜು, ಒಂದು ಮೈಕು, ನೀರಿನ ಲೋಟ. ಬೇಕಿದ್ದರೆ ಹತ್ತು ನಿಮಿಷದ ಮಾತನ್ನು ನಾನೇ ಬರೆದು ಕಳಿಸುತ್ತೇನೆ, ನೀನು ಓದಿದರಾಯಿತು. ಊರಲ್ಲಿ ಕೇಬಲ್ ಟಿವಿಯ ಕಾಲದಲ್ಲಿ ವಿದ್ಯುತ್ ಇಲಾಖೆಯ ಎಂಜಿನಿಯರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಬೈದವಳು ನೀನು. ನಾನು ಸೈಕಲ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಒಂಬತ್ತನೇ ಕಲಮು ನನ್ನದು. ನಿಯಮ ಜಾರಿಯಾಗುವ ಮುಂಚಿನ ಒಂದು ವರ್ಷದಲ್ಲಿ ತಂತಿಯೊಳಗಿನದನ್ನು ನೋಡಿ ನಿಧಾನ ಮಾಡಿದವರಿಗೆ ಲೈಸೆನ್ಸ್ ನವೀಕರಣ ಇಲ್ಲ. ಮೇಲಿನವರು ಅದನ್ನು ಮೆತ್ತಗೆ ಮಾಡಲು ಎರಡು ಸಲ ನೋಡಿದರು, ನಾನು ಬಿಡಲಿಲ್ಲ. ಅದು ದೊಡ್ಡ ಕಂಪನಿಗೆ ಎಂದೇ ಬರೆದದ್ದು. ಜೂನ್‌ನಲ್ಲಿ ನಿನ್ನ ನವೀಕರಣ ಇದೆಯೆಂದು ಗೊತ್ತು, ನೀನೇನೂ ತಲೆ ಕೆಡಿಸಿಕೊಳ್ಳಬೇಡ.

ಒಂದು ವಿಷಯ ಹೇಳಿರಲಿಲ್ಲ. ಆವತ್ತೇ ನಿನ್ನ ಹೆಸರು ಬರೆಸಿದ್ದೆ. ಪಟ್ಟಿ ಅಚ್ಚಾಗಿದೆ. ಮಾತಾಡುವವರಲ್ಲಿ ನೀನು ಹದಿನೇಳನೆಯವಳು.

ತಮ್ಮ


ಫೆಬ್ರವರಿ ೨೩

ತಮ್ಮಾ,

ನನ್ನನ್ನು ಕೇಳದೆ ನನ್ನ ಹೆಸರು ಬರೆಸಿದ್ದೀಯ. ತೆಗೆಸು.

ಅಕ್ಕ


ಫೆಬ್ರವರಿ ೨೮

ಅಕ್ಕಾ,

ಆರು ಪದದ ಪತ್ರವನ್ನು ನೀನು ಯಾವತ್ತೂ ಬರೆದವಳಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿದೆ.

ನೇರವಾಗಿ ಕೇಳುತ್ತೇನೆ. ದೊಡ್ಡ ಕಂಪನಿಯವರು ಸಣ್ಣ ಊರುಗಳನ್ನು ಒಂದೊಂದಾಗಿ ಕೊಂಡುಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಇಲ್ಲಿದೆ. ಮೊದಲು ಬಂದು ಟೀ ಕುಡಿಯುತ್ತಾರೆ, ಆಮೇಲೆ ಕಾಗದ ತೋರಿಸುತ್ತಾರೆ, ಕಾಗದದಲ್ಲಿ 'ವಿಚಾರಣೆಯಲ್ಲಿ ಭಾಗವಹಿಸಬಾರದು' ಎಂಬ ಸಾಲು ಇರುತ್ತದೆ. ನಿನ್ನ ಅಂಗಡಿಗೂ ಬಂದಿದ್ದರೇ? ನೀನು ಮಾರುತ್ತಿದ್ದೀಯಾ?

ಮಾರುವುದಾದರೆ ಮಾರು, ಅದು ನಿನ್ನ ದುಡಿಮೆ. ನನಗೊಂದು ಮಾತು ಮೊದಲೇ ಹೇಳಬಹುದಿತ್ತು.

ತಮ್ಮ


ಮಾರ್ಚ್ ೪

ತಮ್ಮಾ,

ಟೀ ಕುಡಿಯಲು ಯಾರೂ ಬಂದಿಲ್ಲ. ಬಂದಿದ್ದರೆ ನಿಂತಲ್ಲೇ ಕುಡಿಸಿ ಕಳಿಸುತ್ತಿದ್ದೆ. ಹದಿನಾರು ವರ್ಷ ಕಂಬ ನೆಟ್ಟವಳನ್ನು 'ಮಾರುತ್ತಿದ್ದೀಯಾ' ಎಂದು ಕೇಳಲು ನಿನಗೆ ಕೈ ಹೇಗೆ ಬಂತೋ ತಿಳಿಯದು. ಇರಲಿ. ನೇರವಾಗಿ ಕೇಳಿದ್ದೀಯ, ನೇರವಾಗಿ ಹೇಳುತ್ತೇನೆ.

ನೀನು ನಿನ್ನ ಮೇಡಂಗೆ ಹೇಳಿದ್ದು ಸುಳ್ಳು. ನನ್ನಲ್ಲಿ ಎಲ್ಲರಿಗೂ ಒಂದೇ ಅಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಸಂಜೆ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ, ಹೊಟ್ಟೆಯೊಳಗಿನ ಮಗುವಿನ ಸ್ಕ್ಯಾನನ್ನು ದೂರದ ಊರಿನ ತಜ್ಞರಿಗೆ ನೇರವಾಗಿ ತೋರಿಸುತ್ತಿದ್ದರು. ಎಂಟೂಕಾಲಿಗೆ ಚಿತ್ರ ನಿಂತುಹೋಯಿತು. ಊರೆಲ್ಲ ಪಂದ್ಯ ನೋಡುತ್ತಿತ್ತು. ನಾನೂರು ಮನೆಗೆಂದು ತಂದ ಮುಖ್ಯ ಲೈನಿಗೆ ಆರುನೂರ ನಲವತ್ತು ಮನೆ ಜೋತುಬಿದ್ದರೆ ಇನ್ನೇನಾಗುತ್ತದೆ? ಆಸ್ಪತ್ರೆಯ ಆಯಾ ಚಪ್ಪಲಿಯಿಲ್ಲದೆ ನನ್ನ ಅಂಗಡಿಗೆ ಓಡಿ ಬಂದಳು. ಮಗು ಚೆನ್ನಾಗಿದೆ. ಆದರೆ ಆ ಇಪ್ಪತ್ತು ನಿಮಿಷ ನಾನು ಕೂತ ಕುರ್ಚಿಯಲ್ಲಿ ನೀನು ಕೂತಿರಲಿಲ್ಲ.

ಮರುದಿನ ರೌಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಸಂಜೆ ಏಳರಿಂದ ಹತ್ತರವರೆಗೆ ಪಟ್ಟಿಯಲ್ಲಿರುವವರು ಮೊದಲು. ಉಳಿದ ಮನೆಗಳಲ್ಲಿ ಆ ಹೊತ್ತು ವಿಡಿಯೊ ಮಾತ್ರ ಸಣ್ಣಗೆ ಹರಿಯುತ್ತದೆ. ಓದು, ಬರಹ, ಫೋನಿನ ಮಾತು ಎಲ್ಲ ಮೊದಲಿನ ಹಾಗೆಯೇ. ಮೊದಲು ಆಸ್ಪತ್ರೆ. ಆಮೇಲೆ ಅಗ್ನಿಶಾಮಕ ಠಾಣೆ, ಪರೀಕ್ಷೆಯ ತಿಂಗಳಲ್ಲಿ ಎರಡು ಶಾಲೆ, ರಾತ್ರಿ ಪಾಳಿಯ ಔಷಧಿ ಅಂಗಡಿ. ಈಗ ಹದಿನೆಂಟು. ಒಬ್ಬರಿಂದಲೂ ಒಂದು ಬಿಡಿಗಾಸು ಇಸಿದುಕೊಂಡಿಲ್ಲ. ನನ್ನ ಮನೆಯೇ ಪಟ್ಟಿಯಲ್ಲಿಲ್ಲ, ನಿನ್ನ ಭಾವನನ್ನು ಕೇಳು.

ದೊಡ್ಡ ಕಂಪನಿ ದಾರಿ ಮಾರುತ್ತದೆ. ನಾನು ದಾರಿ ಬಿಡಿಸುತ್ತೇನೆ. ಇದೆರಡೂ ಒಂದೇ ಎಂದು ನಿನ್ನ ಒಂಬತ್ತನೇ ಕಲಮು ಹೇಳುವುದಾದರೆ ಕಲಮು ಬರೆದವನು ಒಮ್ಮೆ ಇಲ್ಲಿಗೆ ಬಂದು ಹೋಗಲಿ. ನನ್ನ ಊರು ನನಗೆ ಗೊತ್ತು. ಯಾರಿಗೆ ಯಾವ ಹೊತ್ತಿಗೆ ಏನು ಬೇಕು ಎಂಬುದೂ ಗೊತ್ತು. ಸಿನಿಮಾ ಒಂದು ನಿಮಿಷ ನಿಂತರೆ ಯಾರೂ ಸಾಯುವುದಿಲ್ಲ.

ಹೆದರಿಕೆ ವೇದಿಕೆಯದಲ್ಲ. ಆ ಮೈಕಿನ ಮುಂದೆ ನಿಂತು ಸುಳ್ಳು ಹೇಳಲಾರೆ, ನಿಜ ಹೇಳಿದರೆ ಅಂಗಡಿ ಉಳಿಯುವುದಿಲ್ಲ.

ಅಕ್ಕ


ಮಾರ್ಚ್ ೭

ಅಕ್ಕಾ,

ಮಾರುವ ಮಾತು ಕೇಳಿದ್ದು ತಪ್ಪಾಯಿತು.

ಉಳಿದದ್ದಕ್ಕೆ ಉತ್ತರ ಬರೆಯುತ್ತೇನೆ. ಒಂಬತ್ತನೇ ಕಲಮಿನಲ್ಲಿ 'ಯಾವ ಉದ್ದೇಶಕ್ಕಾಗಿ' ಎಂಬ ಮಾತಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಉದ್ದೇಶ ಕೇಳಲು ಹೊರಟರೆ ದೊಡ್ಡ ಕಂಪನಿಯೂ ಆಸ್ಪತ್ರೆಯನ್ನೇ ತೋರಿಸುತ್ತದೆ. ಅವರ ಎಂಬತ್ತು ಪುಟದಲ್ಲಿ 'ಆಸ್ಪತ್ರೆ' ನಲವತ್ತೊಂದು ಸಲ ಬಂದಿದೆ, ನಾನು ಎಣಿಸಿದ್ದೇನೆ. ನೀನು ಒಳ್ಳೆಯವಳು ಎಂಬ ಒಂದೇ ಆಧಾರದ ಮೇಲೆ ಆರುನೂರ ನಲವತ್ತು ಮನೆಗಳನ್ನು ನಿಲ್ಲಿಸಿದ್ದೀಯ. ನಾಳೆ ಆ ಕುರ್ಚಿಯಲ್ಲಿ ಕೂರುವವನು ಯಾರು?

ದಟ್ಟಣೆ ಇದ್ದರೆ ಮನೆಗಿಷ್ಟು ಎಂದು ಸಮನಾಗಿ ಹಂಚು. ಹಂಚಿದ ಮೇಲೆ ಒಳಗೆ ಅವರು ಏನು ನೋಡುತ್ತಾರೆ ಎಂದು ಇಣುಕಬೇಡ. ಆಸ್ಪತ್ರೆಗೆ ಬೇಕಾದರೆ ಪ್ರತ್ಯೇಕ ಲೈನ್ ಎಳೆ, ಅದನ್ನು ಬಹಿರಂಗವಾಗಿ ಹೇಳು. ಇಷ್ಟನ್ನು ಕರಡು ತಡೆಯುವುದಿಲ್ಲ.

ನಿನ್ನ ಪತ್ರವನ್ನು ಯಾರಿಗೂ ತೋರಿಸಿಲ್ಲ. ಫೈಲನ್ನು ಮಾತ್ರ ಬಿಟ್ಟುಕೊಟ್ಟೆ. "ಯಾಕ್ರೀ?" ಎಂದರು ನಿರ್ದೇಶಕಿ. "ಮನೆ ವಿಷಯ ಮೇಡಂ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡರು.

ಇದರ ಜೊತೆ ಒಂದು ನಮೂನೆ ಇದೆ. ಹೆಸರು ಹಿಂತೆಗೆದುಕೊಳ್ಳುವವರು ಸಹಿ ಮಾಡಿ ಕಳಿಸಬೇಕು, ಕಾರಣ ಬರೆಯಬೇಕಿಲ್ಲ. ಹದಿನೆಂಟನೆಯವರನ್ನು ಕರೆಯುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ತಮ್ಮ


ಮಾರ್ಚ್ ೧೧

ತಮ್ಮಾ,

ನಮೂನೆ ಸೋಮವಾರ ಬಂತು. ಸಹಿ ಮಾಡಲೆಂದೇ ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ರೈಲ್ವೆ ಸ್ಟೇಷನ್ನಿನಿಂದ ಫೋನು: ಕೇಬಲ್ಲಿನ ಪಾರ್ಸೆಲ್ ಬಂದಿದೆ, ಇವತ್ತೇ ಒಯ್ಯಿರಿ ಎಂದು. ಏಳೂವರೆಗೆ ಹೋದೆ.

ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ನಮ್ಮ ಬೀದಿಯ ದರ್ಜಿ, ಅವನ ಹೆಂಡತಿ ಕೂತಿದ್ದರು. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಿನ್ನ ಭಾವನ ಬಸ್ ಡಿಪೊ ಸಮವಸ್ತ್ರ ಹೊಲಿಯುವವನು ಅವನೇ. ಫೋನನ್ನು ಚೀಲಕ್ಕೆ ಆನಿಸಿ ನಿಲ್ಲಿಸಿ ಇಬ್ಬರೂ ಅದರ ಮುಂದೆ ಕೈ ಆಡಿಸುತ್ತಿದ್ದರು. ಪರದೆಯಲ್ಲಿ ಅವರ ಮಗಳು. ಅವಳ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು. ದರ್ಜಿಯ ಹೆಂಡತಿ ಕೂಸಿಗೆ ಏನೋ ಹೇಳಿದಳು, ಮಗಳು ನಕ್ಕಳು. ಅವರು ಮೂವರೂ ಗಟ್ಟಿಯಾಗಿ ಮಾತಾಡುತ್ತಿದ್ದರು, ಸದ್ದೊಂದು ಇರಲಿಲ್ಲ.

ಮನೆಯಲ್ಲಿ ನನ್ನ ಲೈನ್ ಇಟ್ಟುಕೊಂಡು ಸ್ಟೇಷನ್ನಿನ ಬಿಟ್ಟಿ ಇಂಟರ್ನೆಟ್ಟಿಗೆ ಯಾಕೆ ಬಂದಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟು. ಪಾರ್ಸೆಲ್ ಚೀಟಿಯ ಹಿಂದೆ 'ಇಲ್ಲಿ ಯಾಕೆ?' ಎಂದು ಬರೆದು ತೋರಿಸಿದೆ. ಅವನಿಗೆ ಬರಹ ಅಷ್ಟಾಗಿ ಬಾರದು. ಬಹಳ ಹೊತ್ತು ತೆಗೆದುಕೊಂಡು ಬರೆದ: 'ಮನೆಯಲ್ಲಿ ಕೈ ನಿಲ್ಲುತ್ತದೆ.'

ಮಗಳ ಪಾಳಿ ಮುಗಿಯುವುದು ಏಳಕ್ಕೆ. ಏಳರಿಂದ ಹತ್ತರವರೆಗೆ ನಾನು ವಿಡಿಯೊ ಹಿಂಡುತ್ತೇನೆ. ನನ್ನ ಲೆಕ್ಕದಲ್ಲಿ ವಿಡಿಯೊ ಎಂದರೆ ಪಂದ್ಯ, ಸಿನಿಮಾ. ಅವರಿಗೆ ಅದೇ ಫೋನು. 'ಫೋನಿನ ಮಾತು ಮೊದಲಿನ ಹಾಗೆಯೇ' ಎಂದು ನಿನಗೆ ಬರೆದವಳು ನಾನೇ.

ಯಾಕೆ ದೂರು ಕೊಡಲಿಲ್ಲ ಎಂದು ನೀನು ಕೇಳಬಹುದು. ನನ್ನ ಅಂಗಡಿಯ ಬೋರ್ಡಿನಲ್ಲಿ ದೂರಿಗೆ ಒಂದು ಫೋನ್ ನಂಬರ್ ಇದೆ. ಅಷ್ಟೇ ಇದೆ. ಆದರೂ ಹೋದ ಜೂನ್‌ನಲ್ಲಿ ಅವನು ಒಂದು ದಿನ ಬಂದಿದ್ದನಂತೆ. ಏಣಿ ಬೆಳಿಗ್ಗೆ ಹನ್ನೊಂದಕ್ಕೆ ಅವನ ಮನೆಗೆ ಹೋಗಿ ಸ್ಪೀಡ್ ಅಳೆದು, ಎಲ್ಲ ಸರಿಯಾಗಿದೆ ಎಂದು ಹೆಬ್ಬೆರಳು ತೋರಿಸಿ ಬಂದ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಸರಿಯಾಗಿಯೇ ಇರುತ್ತದೆ. ದರ್ಜಿ ತನ್ನ ಫೋನೇ ಹಳೆಯದಾಯಿತೆಂದು ಹೊಸದು ಕೊಂಡ. ಅದೂ ನಿಂತಿತು. ಆಮೇಲೆ ಸ್ಟೇಷನ್. ಅರ್ಧ ಗಂಟೆಯ ನಡಿಗೆ. ಅವಳಿಗೆ ಮಂಡಿನೋವು.

ಹನ್ನೊಂದು ತಿಂಗಳು, ತಮ್ಮಾ. ನನ್ನ ಊರು ನನಗೆ ಗೊತ್ತು ಎಂದು ನಿನಗೆ ಬರೆದು ಒಂದು ವಾರವೂ ಆಗಿರಲಿಲ್ಲ.

ಮರುದಿನ ಏಣಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. "ಅಮ್ಮಾವ್ರೇ, ಅವ್ರ ಮನೇನೂ ಪಟ್ಟಿಗೆ ಸೇರ್ಸಿಬಿಡಿ, ಮುಗೀತು" ಎಂದ. ಸೇರಿಸಿದೆ. ನಾಲ್ಕು ನಿಮಿಷದ ಕೆಲಸ. ಈಗ ಹತ್ತೊಂಬತ್ತು.

ನಮೂನೆ ಇನ್ನೂ ಮೇಜಿನ ಮೇಲಿದೆ.

ಅಕ್ಕ


ಮಾರ್ಚ್ ೧೩

ಅಕ್ಕಾ,

ಇದನ್ನು ಬೇಗದ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸಹಿ ಮಾಡು.

ನಿನ್ನ ಪತ್ರ ಓದಿದ ಮೇಲೆ ಕಲಮು ಸರಿಯಿದೆ ಎಂದು ನನಗೆ ಮೊದಲಿಗಿಂತ ಹೆಚ್ಚು ಅನ್ನಿಸುತ್ತಿದೆ. ಆದರೆ ಅದು ನಿನ್ನ ಮೇಲೆ ಬೀಳುವುದನ್ನು ಕಾರಿಡಾರ್‌ನಲ್ಲಿ ಕೂತು ಕೇಳಲಾರೆ. ಅಕ್ಕನ ಅಂಗಡಿ ಮುಚ್ಚಿಸಲು ನಾನು ಎರಡು ವರ್ಷ ಆ ಕಾಗದ ಬರೆಯಲಿಲ್ಲ. ಪಟ್ಟಿ ತೆಗೆ, ದರ್ಜಿಯ ಬಳಿ ಕ್ಷಮೆ ಕೇಳು, ಸಮನಾಗಿ ಹಂಚು, ಸುಮ್ಮನಿರು. ಊರಿಗೆ ನ್ಯಾಯವೂ ಸಿಗುತ್ತದೆ, ಲೈಸೆನ್ಸೂ ಉಳಿಯುತ್ತದೆ. ನೀನು ಬಾಯಿ ಬಿಟ್ಟರೆ ದೊಡ್ಡ ಕಂಪನಿಯ ವಕೀಲ ಎದ್ದು, "ನೋಡಿ, ಇವರೂ ಮಾಡಿದಾರೆ" ಅನ್ನುತ್ತಾನೆ. ಅವನಿಗೆ ಬೇಕಾದದ್ದೇ ಅದು.

ನಾನು ಹೀಗೆ ಬರೆಯುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ. ಬರೆದಿದ್ದೇನೆ.

ತಮ್ಮ


ಮಾರ್ಚ್ ೧೫, ಭಾನುವಾರ

ತಮ್ಮಾ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಹೆದರಿಕೊಂಡು ಬರೆದ ಮೊದಲ ಪತ್ರ ಇದು, ಅದನ್ನು ನಾನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಆದರೆ ನನಗೆ ಹೆದರಿಕೆ ಹೋಗಿದೆ. ಹೇಗೆ ಹೋಯಿತೆಂದು ಹೇಳುತ್ತೇನೆ. ಬುಧವಾರ ಸಂಜೆ ದರ್ಜಿಯ ಮನೆಗೆ ಹೋಗಿ ನೋಡಿದೆ, ಕೈ ನಿಲ್ಲಲಿಲ್ಲ. ಅವನ ಹೆಂಡತಿ ನನಗೆ ಕುರ್ಚಿ ಹಾಕಿದಳು. ತಪ್ಪು ನನ್ನದು ಎಂದು ಅವನಿಗೆ ತಿಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅವರ ಮಗಳೇ ಪರದೆಯಿಂದ ಸಹಾಯ ಮಾಡಬೇಕಾಯಿತು. ನಾನು ಇಲ್ಲಿಂದ ಬರೆಯುವುದು, ಅವಳು ಅಲ್ಲಿಂದ ಕೈಯಲ್ಲಿ ಹೇಳುವುದು. ಅರ್ಥವಾದಾಗ ದರ್ಜಿ ನನ್ನನ್ನು ಕ್ಷಮಿಸಲಿಲ್ಲ. ಒಂದು ಪ್ರಶ್ನೆ ಕೇಳಿದ. "'ಪಟ್ಟಿಯಲ್ಲಿ ಬೇರೆ ಯಾರಿಲ್ಲ?' ಅಂತ ಅಪ್ಪ ಕೇಳ್ತಿದ್ದಾರೆ" ಎಂದು ಬರೆದು ತೋರಿಸಿದಳು ಮಗಳು.

ಯಾರಿದ್ದಾರೆ ಎಂದು ಹೇಳಬಲ್ಲೆ. ಯಾರಿಲ್ಲ ಎಂದು ಹೇಳಲು ನನಗೆ ಬರಲಿಲ್ಲ. ಆರುನೂರ ಇಪ್ಪತ್ತೊಂದು ಮನೆಯ ಒಳಗೆ ಸಂಜೆ ಯಾರು ಯಾಕೆ ಪರದೆಯ ಮುಂದೆ ಕೂರುತ್ತಾರೆ ಎಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಹಾಗಾದರೆ ಪಟ್ಟಿ ಬರೆಯುವ ಕೆಲಸ ನನ್ನದಲ್ಲ. ಇದನ್ನೇ ನೀನು ಏಳನೇ ತಾರೀಖು ಬರೆದಿದ್ದೆ. ನಿನ್ನ ಬಾಯಲ್ಲಿ ಅದು ಕಾನೂನಿನ ಹಾಗೆ ಕೇಳಿಸಿತ್ತು.

ಡಾಕ್ಟರಮ್ಮನ ಬಳಿಗೂ ಹೋಗಿದ್ದೆ. "ನಿಮ್ಮನ್ನ ಪಟ್ಟಿಯಿಂದ ತೆಗೀತಾ ಇದೀನಿ ಡಾಕ್ಟ್ರೇ" ಎಂದೆ.

"ಯಾವ ಪಟ್ಟಿ?"

ಹೇಳಿದೆ. ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. "ನನ್ನ ಹೆಸ್ರಲ್ಲಿ ಇಡೀ ಊರನ್ನ ನಿಲ್ಸಿದೀರಿ, ನನಗೊಂದು ಮಾತು ಹೇಳ್ಲಿಲ್ಲ. ನೀವು ನನ್ನ ಪೇಷಂಟ್ ಆಗಿದ್ರೆ ಚೆನ್ನಾಗಿ ಬೈತಿದ್ದೆ."

"ಈಗ್ಲೂ ಬೈಬಹುದು."

"ಈಗ ಹೊತ್ತಿಲ್ಲ. ನಂಗೆ ಬೇರೆ ಲೈನ್ ಎಳೆದುಕೊಡಿ, ನಾಳೇನೇ."

ಏಣಿ ನಿನ್ನೆಯಿಂದ ಎಳೆಯುತ್ತಿದ್ದಾನೆ. ಆಸ್ಪತ್ರೆಯ ಗೇಟಿನವರೆಗೆ ಬಂದಿದೆ, ಮಂಗಳವಾರ ಮಧ್ಯಾಹ್ನಕ್ಕೆ ಒಳಗೆ ಹೋಗುತ್ತದೆ. ಮುಖ್ಯ ಲೈನನ್ನು ದಪ್ಪ ಮಾಡಲು ಅರ್ಜಿ ಹಾಕಿದ್ದೇನೆ. ಅದು ಬರುವವರೆಗೆ ಸಂಜೆ ಎಲ್ಲರಿಗೂ ಸ್ವಲ್ಪ ಇಕ್ಕಟ್ಟು, ಎಲ್ಲರಿಗೂ ಅಷ್ಟೇ ಇಕ್ಕಟ್ಟು.

ಇನ್ನು ನಿನ್ನ ಸಲಹೆ. ಪಟ್ಟಿ ತೆಗೆದು ಸುಮ್ಮನಿರು ಎಂದಿದ್ದೀಯ. ಸುಮ್ಮನಿದ್ದರೆ ದೊಡ್ಡ ಕಂಪನಿಯ ವಕೀಲ 'ಆಸ್ಪತ್ರೆ' ಎಂದು ನಲವತ್ತೊಂದು ಸಲ ಹೇಳುತ್ತಾನೆ. ಅವನಿಗೆ ಎದುರು ನಿಂತು, ಆಸ್ಪತ್ರೆಗಾಗಿಯೇ ಮಾಡಿದೆ, ಒಂದು ಪೈಸೆ ಮುಟ್ಟದೆ ಮಾಡಿದೆ, ಆದರೂ ಹೀಗಾಯಿತು ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಇನ್ಯಾರಿದ್ದಾರೆ? ಒಳ್ಳೆಯ ಸಾಕ್ಷಿ ಬೇಕೆಂದು ನಿನ್ನ ಮೇಡಂ ಕೇಳಿದ್ದರು. ತಪ್ಪು ಮಾಡದವಳಿಗಿಂತ ನಾನೇ ಒಳ್ಳೆಯ ಸಾಕ್ಷಿ. "ಇವರೂ ಮಾಡಿದಾರೆ" ಎಂದು ಅವನು ಎದ್ದರೆ, "ಹೌದು ಸ್ವಾಮಿ, ಮಾಡಿದೀನಿ, ಅದನ್ನೇ ಹೇಳಕ್ಕೆ ಬಂದಿದೀನಿ, ಕೂತ್ಕೊಳ್ಳಿ" ಎನ್ನುತ್ತೇನೆ.

ಒಂಬತ್ತನೇ ಕಲಮನ್ನು ನನಗಾಗಿ ಮೆತ್ತಗೆ ಮಾಡಿ ಎಂದು ಕೇಳುವುದಿಲ್ಲ. ಇರಲಿ ಎಂದೇ ಹೇಳುತ್ತೇನೆ. ಜೂನ್‌ನಲ್ಲಿ ನವೀಕರಣ ತಪ್ಪಿದರೆ ತಪ್ಪಲಿ. ನಿನ್ನ ಭಾವನಿಗೂ ತಿಳಿಸಿದ್ದೇನೆ. "ಆಗ ನೀನೂ ಮನೇಲಿರ್ತೀಯ, ಇಬ್ರೂ ಸೇರಿ ಚಕ್ರ ನೋಡೋಣ" ಎಂದರು. ನನಗಂತೂ, ತಪ್ಪನ್ನು ತಾನೇ ಬಂದು ಹೇಳಿದವಳನ್ನು ಏನು ಮಾಡಬೇಕೆಂದು ಮಂಡಳಿಯವರು ನಿಂತು ಯೋಚಿಸಬೇಕಾಗುತ್ತದೆ ಎಂಬ ನಂಬಿಕೆ ಇದೆ. ನೀನು ಆ ಯೋಚನೆಯಲ್ಲಿ ಇರಬೇಡ. ಫೈಲು ಬಿಟ್ಟುಕೊಟ್ಟದ್ದು ಒಳ್ಳೆಯದಾಯಿತು.

ನಮೂನೆಯನ್ನು ಸಹಿಯಿಲ್ಲದೆ ಇದರ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಪಟ್ಟಿ ಈ ಹೊತ್ತಿಗೂ ರೌಟರಿನಲ್ಲಿದೆ. ಮಂಗಳವಾರ ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ ತೆಗೆಯುತ್ತೇನೆ. ಬುಧವಾರದ ರೈಲಿಗೆ ಟಿಕೆಟ್ ಇನ್ನೂ ಮಾಡಿಸಿಲ್ಲ, ನಾಳೆ ಬೆಳಿಗ್ಗೆ ಕೌಂಟರ್ ತೆರೆದ ಕೂಡಲೇ ಮಾಡಿಸುತ್ತೇನೆ.

ಅಕ್ಕ